ಕಟ್ಟಡದ ಕಸುಬಿಗೆ ದೀಕ್ಷೆ: ಅಮೆರಿಕದ ಕಾರ್ಮಿಕ ಸಂಘಗಳ ಅಪ್ರೆಂಟಿಸ್ ಪದ್ಧತಿ

ವಿದ್ಯೆಯೆಂದರೆ ಗ್ರಂಥಾಧ್ಯಯನವೊಂದೇ ಎಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯನ್ನೆಬ್ಬಿಸುವುದೂ, ಮರವನ್ನು ಕೊರೆದು ಬಾಗಿಲನ್ನು ಕೂಡಿಸುವುದೂ, ಅಪಾಯವಿಲ್ಲದಂತೆ ಮನೆಯೊಳಗೆ ವಿದ್ಯುತ್ತಂತಿಯನ್ನೆಳೆಯುವುದೂ ವಿದ್ಯೆಗಳೇ ಸರಿ. ಅವಕ್ಕೂ ಗುರುವುಂಟು, ಕ್ರಮವುಂಟು, ಪರೀಕ್ಷೆಯುಂಟು. ಬಡವರ ಮನೆಯ ತರುಣನು ಇಂಥ ವಿದ್ಯೆಯನ್ನು ಸಾಲದ ಹೊರೆಯಿಲ್ಲದೆ, ಮರ್ಯಾದೆಗೆಡದೆ ಕಲಿಯಬೇಕಾದರೆ ಎಂತಹ ವ್ಯವಸ್ಥೆ ಬೇಕು? ಈ ಪ್ರಶ್ನೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಕಟ್ಟಡ ಕಾರ್ಮಿಕ ಸಂಘಗಳು ಒಂದು ಉತ್ತರವನ್ನು ರೂಪಿಸಿಕೊಂಡಿವೆ. ಅದರ ಗುಣದೋಷಗಳೆರಡೂ ಮನನಯೋಗ್ಯವಾಗಿವೆ.

ಮೊದಲು ಶಬ್ದಾರ್ಥ. 'ಅಪ್ರೆಂಟಿಸ್' ಎಂಬುದು ಕಲಿಕೆಯನ್ನು ಸೂಚಿಸುವ ಫ್ರೆಂಚ್ ಮೂಲದಿಂದ ಬಂದ ಪದ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ 'ಶಿಶಿಕ್ಷು' ಎಂಬ ಸಂಸ್ಕೃತ ಪದ ಬಳಕೆಯಲ್ಲಿದೆ. ಕಲಿಯಲಿಚ್ಛಿಸುವವನು ಎಂದು ಅದರ ಅರ್ಥ. ಕಲಿಕೆಯನ್ನು ಪೂರೈಸಿದ ಕುಶಲನಿಗೆ ಅಲ್ಲಿ 'ಜರ್ನಿಮನ್' ಎಂದು ಹೆಸರು. ಪ್ರಯಾಣವೆಂಬ ಅರ್ಥ ಇಲ್ಲಿಲ್ಲ. ಫ್ರೆಂಚಿನಲ್ಲಿ ದಿನವೆಂಬರ್ಥದ 'ಜೂರ್ನೆ' ಪದವೇ ಇದರ ಬೇರು. ದಿನದ ಪೂರ್ಣ ಕೂಲಿಗೆ ಅರ್ಹನಾದವನೇ ಜರ್ನಿಮನ್.

ಆ ದೇಶದಲ್ಲಿ ಒಂದೊಂದು ಕಸುಬಿಗೂ ಒಂದೊಂದು ಸಂಘವಿದೆ. ಇಟ್ಟಿಗೆ ಕೆಲಸದವರ ಸಂಘವು 1865ರಲ್ಲಿಯೂ, ಬಡಗಿಗಳದು 1881ರಲ್ಲಿಯೂ, ಕೊಳಾಯಿ ಕೆಲಸದವರದು 1889ರಲ್ಲಿಯೂ, ವಿದ್ಯುತ್ ಕೆಲಸದವರದು 1891ರಲ್ಲಿಯೂ ಹುಟ್ಟಿದವು. 1937ರಲ್ಲಿ ಕೇಂದ್ರ ಸರ್ಕಾರವು ಅಪ್ರೆಂಟಿಸರ ಹಿತರಕ್ಷಣೆಗಾಗಿ ಕಾಯಿದೆಯೊಂದನ್ನು ಮಾಡಿ, ಶಿಕ್ಷಣದ ಮಟ್ಟಗಳನ್ನು ಗೊತ್ತುಪಡಿಸುವ ಹೊಣೆಯನ್ನು ಕಾರ್ಮಿಕ ಇಲಾಖೆಗೆ ವಹಿಸಿತು. ಸಂಘದ ಪ್ರತಿನಿಧಿಗಳೂ ಗುತ್ತಿಗೆದಾರರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿರುವ ಜಂಟಿ ಸಮಿತಿಗಳು ಶಿಕ್ಷಣವನ್ನು ನಡೆಸುತ್ತವೆ.

ಪ್ರವೇಶದ ಕ್ರಮ ಹೀಗಿದೆ. ಅಭ್ಯರ್ಥಿಯು ತನಗೊಪ್ಪುವ ಕಸುಬನ್ನಾರಿಸಿಕೊಂಡು, ತನ್ನ ಪ್ರದೇಶದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಕೆಲವು ಸಮಿತಿಗಳು ವರ್ಷವಿಡೀ ಅರ್ಜಿ ಸ್ವೀಕರಿಸಿದರೆ, ಕೆಲವು ಗೊತ್ತಾದ ದಿನಗಳಲ್ಲಿ ಮಾತ್ರ ಬಾಗಿಲು ತೆರೆಯುತ್ತವೆ. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಪ್ರೌಢಶಾಲೆಯನ್ನು ಅಥವಾ ತತ್ಸಮಾನ ಪರೀಕ್ಷೆಯನ್ನು ಮುಗಿಸಿರಬೇಕು, ದೇಹಶ್ರಮಕ್ಕೆ ಶಕ್ತನಾಗಿರಬೇಕು. ವಿದ್ಯುತ್ ಕಸುಬಿಗೆ ಬರುವವನು ಒಂದು ವರ್ಷ ಬೀಜಗಣಿತವನ್ನು ಓದಿರಬೇಕು. ಪ್ರವೇಶ ಪರೀಕ್ಷೆಯಲ್ಲಿ ಬೀಜಗಣಿತವನ್ನೂ, ಓದಿದ್ದನ್ನು ಗ್ರಹಿಸುವ ಶಕ್ತಿಯನ್ನೂ ಪರಿಶೀಲಿಸುತ್ತಾರೆ. ಅನಂತರ ಸಂದರ್ಶನ. ಗಳಿಸಿದ ಅಂಕಗಳಿಗನುಸಾರವಾಗಿ ಪಟ್ಟಿ ಸಿದ್ಧವಾಗುತ್ತದೆ. ಕೆಲಸಗಳು ತೆರವಾದಂತೆ ಪಟ್ಟಿಯಿಂದ ಕರೆ ಬರುತ್ತದೆ. ತಿಂಗಳುಗಟ್ಟಲೆ ಕಾಯಬೇಕಾದೀತು. ಕೆಲವು ಕಸುಬುಗಳಲ್ಲಿ ತನ್ನನ್ನು ಸೇರಿಸಿಕೊಳ್ಳುವ ಗುತ್ತಿಗೆದಾರನನ್ನು ಅಭ್ಯರ್ಥಿಯೇ ಹುಡುಕಿಕೊಳ್ಳುವ ರೂಢಿಯೂ ಇದೆ.

ಆಯ್ಕೆಯಾದವನು ಲಿಖಿತ ಕರಾರಿಗೆ ಸಹಿ ಹಾಕುತ್ತಾನೆ. ಅದು ಸರ್ಕಾರದಲ್ಲಿ ನೋಂದಣಿಯಾಗುತ್ತದೆ. ಕಸುಬಿಗನುಗುಣವಾಗಿ ಕಲಿಕೆಯ ಅವಧಿ ಮೂರರಿಂದ ಐದು ವರ್ಷ. ವಿದ್ಯುತ್ ಕಸುಬಿನಲ್ಲಿ ಸಾಮಾನ್ಯವಾಗಿ ಐದು ವರ್ಷ ಹಿಡಿಯುತ್ತದೆ. ಸುಮಾರು 8000 ಗಂಟೆಗಳ ಪ್ರತ್ಯಕ್ಷ ದುಡಿಮೆ ನಡೆಯುತ್ತದೆ. ಇದರೊಡನೆ ವರ್ಷಕ್ಕೆ ಕನಿಷ್ಠ 144 ಗಂಟೆಗಳ ತರಗತಿ ಪಾಠವಿರಬೇಕೆಂಬುದು ಸರ್ಕಾರದ ಶಿಫಾರಸು. ಹಗಲು ಕುಶಲ ಕೆಲಸಗಾರನ ಕೈಕೆಳಗೆ ದುಡಿದು ಕಲಿತದ್ದರ ಕಾರಣವನ್ನು ತರುಣನು ತರಗತಿಯಲ್ಲಿ ತಿಳಿಯುತ್ತಾನೆ. ನಕ್ಷೆಯನ್ನೋದುವುದು, ಅಳತೆ, ಸುರಕ್ಷತೆ, ಕಟ್ಟಡ ನಿಯಮಗಳು ಪಾಠದ ವಿಷಯಗಳು. ಒಬ್ಬ ಕುಶಲನ ಬಳಿ ಇಷ್ಟೇ ಮಂದಿ ಕಲಿಯುವವರಿರಬೇಕೆಂಬ ಮಿತಿಯೂ ಇದೆ. ಇದರಿಂದ ಕಲಿಯುವವನನ್ನು ಅಗ್ಗದ ಆಳಾಗಿ ಬಳಸಿಕೊಳ್ಳುವುದಕ್ಕೆ ತಡೆಯುಂಟಾಗುತ್ತದೆ.

ಈ ಪದ್ಧತಿಯ ತಿರುಳಿರುವುದು ವೇತನದಲ್ಲಿ. ಅಪ್ರೆಂಟಿಸನು ಮೊದಲ ದಿನದಿಂದಲೇ ನೌಕರ. ಆರಂಭದಲ್ಲಿ ಜರ್ನಿಮನ್ನನ ವೇತನದಲ್ಲಿ ಶೇಕಡಾ 40ರಿಂದ 50ರಷ್ಟು ದೊರೆತು, ಕಲಿಕೆ ಮುಂದುವರಿದಂತೆ ಹಂತಹಂತವಾಗಿ ಏರುತ್ತದೆ. ಜರ್ನಿಮನ್ನನಿಗೆ ಗಂಟೆಗೆ 40 ಡಾಲರ್ ಎಂದಿಟ್ಟುಕೊಂಡರೆ, ಶೇಕಡಾ 50ರಿಂದ ಆರಂಭಿಸುವ ಹೊಸಬನಿಗೆ 20 ಡಾಲರ್ ಸಂದಾಯವಾಗುತ್ತದೆ. ಪಾಠಕ್ಕೆ ಶುಲ್ಕವಿಲ್ಲ, ಅಥವಾ ತೀರ ಅಲ್ಪ. ಪುಸ್ತಕ, ಕೈಸಲಕರಣೆ, ಸಂಘದ ಚಂದಾ ಇವುಗಳ ವೆಚ್ಚವನ್ನು ಕಲಿಯುವವನು ಭರಿಸಬೇಕಾದೀತು. ಶಾಲೆಯ ಖರ್ಚು ಎಲ್ಲಿಂದ? ಕಾರ್ಮಿಕರು ದುಡಿದ ಪ್ರತಿ ಗಂಟೆಗೂ ಇಷ್ಟೆಂದು ಗುತ್ತಿಗೆದಾರರು ಶಿಕ್ಷಣ ನಿಧಿಗೆ ಹಣ ಸಲ್ಲಿಸಬೇಕೆಂದು ವೇತನದ ಒಪ್ಪಂದದಲ್ಲಿಯೇ ಗೊತ್ತಾಗಿರುತ್ತದೆ. ಹೀಗೆ ಇಂದಿನ ಕುಶಲರ ದುಡಿಮೆಯು ನಾಳಿನ ಕುಶಲರ ಪಾಠಶಾಲೆಯನ್ನು ಸಾಕುತ್ತದೆ.

ಆದರೆ ಬಾಗಿಲನ್ನು ಕಾಯುವವನು ಅದನ್ನು ಮುಚ್ಚಲೂ ಬಲ್ಲ. ಎಷ್ಟೋ ಶಾಖೆಗಳಲ್ಲಿ ಕಸುಬು ತಂದೆಯಿಂದ ಮಗನಿಗೆ ಇಳಿಯುವ ಮನೆತನದ ಆಸ್ತಿಯಾಗಿತ್ತು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೊಳವೆಗಳಿಗೆ ಶಾಖನಿರೋಧಕ ಹೊದಿಕೆ ಹಾಕುವವರ ಸಂಘದ ಶಾಖೆಯು ಸದಸ್ಯರ ಮಕ್ಕಳಿಗೆ ಮತ್ತು ಹತ್ತಿರದ ಬಂಧುಗಳಿಗೆ ಮಾತ್ರ ಪ್ರವೇಶ ಕೊಡುತ್ತಿತ್ತು. ಸದಸ್ಯರೆಲ್ಲರೂ ಬಿಳಿಯರಾದುದರಿಂದ ಕರಿಯರಿಗೆ ಅಲ್ಲಿ ಎಡೆಯೇ ಇರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬಲದಿಂದ ಮೊಕದ್ದಮೆ ನಡೆದು, ಇಂಥ ನಿಯಮ ಸಲ್ಲದೆಂಬ ತೀರ್ಪನ್ನು ಮೇಲ್ಮನವಿ ನ್ಯಾಯಾಲಯವು 1969ರಲ್ಲಿ ಎತ್ತಿಹಿಡಿಯಿತು. ಸ್ತ್ರೀಯರನ್ನು ಸೇರಿಸಿಕೊಳ್ಳಲು ಗುರಿಗಳನ್ನಿಟ್ಟುಕೊಳ್ಳಬೇಕೆಂಬ ಸರ್ಕಾರಿ ನಿಯಮ ಬಂದದ್ದು 1978ರಲ್ಲಿ. ಇಂದಿಗೂ ಈ ಕಸುಬುಗಳಲ್ಲಿ ಸ್ತ್ರೀಯರ ಸಂಖ್ಯೆ ಕಡಿಮೆಯೇ. ಅರ್ಜಿಗೆ ಮುನ್ನವೇ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವ ಪೂರ್ವಶಿಕ್ಷಣ ವರ್ಗಗಳು ಈ ಕೊರತೆಯನ್ನು ನೀಗಲು ಯತ್ನಿಸುತ್ತಿವೆ.

ಕಷ್ಟಗಳು ಇನ್ನೂ ಇವೆ. ಕಟ್ಟಡದ ಕೆಲಸ ಹಂಗಾಮಿನದು. ಕೆಲಸ ಕುಗ್ಗಿದಾಗ ಅಪ್ರೆಂಟಿಸನೂ ಮನೆಯಲ್ಲಿ ಕೂರಬೇಕಾಗುತ್ತದೆ. ನಸುಕಿನಲ್ಲೆದ್ದು ದೂರ ಹೋಗಬೇಕು, ಚಳಿಯಲ್ಲಿ ಎತ್ತರದಲ್ಲಿ ನಿಲ್ಲಬೇಕು. ಸೇರಿದವರೆಲ್ಲರೂ ಪೂರೈಸುವುದಿಲ್ಲ. ಅಮೆರಿಕದ ಕಟ್ಟಡ ಕಾರ್ಮಿಕರಲ್ಲಿ ಸಂಘಕ್ಕೆ ಸೇರಿದವರು ಸುಮಾರು ಹತ್ತರಲ್ಲೊಬ್ಬರು ಮಾತ್ರ ಎಂಬುದನ್ನೂ ಮರೆಯಲಾಗದು.

ಭಾರತದಲ್ಲಿಯೂ 1961ರ ಅಪ್ರೆಂಟಿಸ್ ಕಾಯಿದೆಯಿದೆ; ಕರಾರು, ನೋಂದಣಿ, ಮಾಸಾಶನಗಳು ಅದರಲ್ಲಿಯೂ ಉಂಟು. ಆದರೆ ಅದು ಶಿಶಿಕ್ಷುವನ್ನು ಅಭ್ಯಾಸಿಯೆಂದು ಎಣಿಸುತ್ತದೆಯೇ ಹೊರತು ಕಾರ್ಮಿಕನೆಂದಲ್ಲ. ಗಾರೆ ಕೆಲಸಕ್ಕೆ ಹೋಗುವ ಹುಡುಗನಂತೂ ಬಹುಮಟ್ಟಿಗೆ ಮೇಸ್ತ್ರಿಯ ಕೈಯಾಳಾಗಿ ಕಂಡು ಕಲಿಯುತ್ತಾನೆ. ಅವನ ಕಲಿಕೆಗೆ ಕರಾರಿಲ್ಲ, ಪ್ರಮಾಣಪತ್ರವಿಲ್ಲ, ಇಂತಿಷ್ಟು ವರ್ಷಕ್ಕೆ ಕೂಲಿಯೇರುವುದೆಂಬ ಭರವಸೆಯೂ ಇಲ್ಲ. ಅವನ ಕೈಯಲ್ಲಿ ವಿದ್ಯೆಯಿದ್ದರೂ ಅದಕ್ಕೆ ಸಾಕ್ಷಿಯಿಲ್ಲ.

ವಿದ್ಯುತ್ತಂತಿಯನ್ನೆಳೆಯಲು ಹೊರಟವನಿಗೂ ಬೀಜಗಣಿತ ಬೇಕು, ಓದಿದ್ದನ್ನು ಅರಿಯುವ ಶಕ್ತಿ ಬೇಕು ಎಂಬುದು ಉಪಾಧ್ಯಾಯರಿಗೆ ಹುರುಪನ್ನು ಕೊಡುವ ಸಂಗತಿ. ಒಂದೊಂದು ಗಂಟೆಯ ದುಡಿಮೆಯಿಂದ ತೆಗೆದಿಟ್ಟ ಕಿರುಪಾಲೇ ಪಾಠಶಾಲೆಯನ್ನು ನಡೆಸಬಲ್ಲುದೆಂಬುದು ದಾನಿಗಳು ಮೆಚ್ಚತಕ್ಕ ಸಂಗತಿ. ಕಸುಬಿನ ಬಾಗಿಲು ಹುಟ್ಟನ್ನು ಕೇಳದೆ ಯೋಗ್ಯತೆಯನ್ನು ಮಾತ್ರ ಕೇಳಿ ತೆರೆದುಕೊಂಡಾಗಲೇ ಕಲಿಯಲಿಚ್ಛಿಸುವವನು ಎಂಬ ಹೆಸರು ಅನ್ವರ್ಥವಾಗುತ್ತದೆ.