ಸೂಕ್ಷ್ಮ ಧೂಳಿನ ಉಪಗ್ರಹ ನಕ್ಷೆ: ನಿಮ್ಮ ಊರಿನ ಅಂಕಿ ಎಲ್ಲಿಂದ ಬರುತ್ತದೆ?

ರೈತ ಬಾಂಧವರೇ, ರಾಮನಗರ, ಬಿಡದಿ, ಕುಂಬಳಗೋಡು, ಕೆಂಗೇರಿ ಕಡೆಯಿಂದ ಸೊಪ್ಪು ತರಕಾರಿಗಳನ್ನು ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ತರುವ ನಿಮ್ಮಲ್ಲಿ ಅನೇಕರು ಬೆಳಗಿನ ಜಾವ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ, ದೀಪಾಂಜಲಿ ನಗರ, ಬಾಪೂಜಿನಗರಗಳನ್ನು ದಾಟಿಯೇ ಬರುತ್ತೀರಿ. ಆ ಹಾದಿಯ ಗಾಳಿ ಹೇಗಿದೆ, ಊರಿನ ಗಾಳಿ ಹೇಗಿದೆ ಎಂಬುದನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುವ ನಕ್ಷೆಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಇವುಗಳನ್ನು ನೋಡಿದವರು ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ: ನಮ್ಮ ಊರಿನಲ್ಲಿ ಅಳೆಯುವ ಯಂತ್ರವೇ ಇಲ್ಲ, ಈ ಅಂಕಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ತಿಳಿಯದೆ ನಕ್ಷೆಯನ್ನು ನಂಬುವುದೂ ಸರಿಯಲ್ಲ, ತಳ್ಳಿಹಾಕುವುದೂ ಸರಿಯಲ್ಲ.

ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ಇವು ತಲೆಕೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ. ರಸ್ತೆ ಬದಿಯ ಎಲೆಗಳ ಮೇಲೆ ಕೈಗೆ ಹತ್ತುವ ಧೂಳು ಬಹುಪಾಲು ಇದಲ್ಲ. ಅದು ದಪ್ಪ ಧೂಳು, ಬೇಗ ನೆಲಕ್ಕೆ ಬೀಳುತ್ತದೆ. ಡೀಸೆಲ್ ಹೊಗೆ, ಕಸ ಸುಡುವ ಹೊಗೆ, ಒಲೆಯ ಹೊಗೆಗಳಲ್ಲಿರುವ ಸೂಕ್ಷ್ಮ ಕಣಗಳು ಗಾಳಿಯಲ್ಲಿ ದಿನಗಟ್ಟಲೆ ತೇಲುತ್ತವೆ ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದ 2009ರ ಮಾನಕದಂತೆ ಘನ ಮೀಟರ್ ಗಾಳಿಯಲ್ಲಿ ಇವುಗಳ ಪ್ರಮಾಣ 24 ಗಂಟೆಗಳ ಸರಾಸರಿಯಲ್ಲಿ 60 ಮೈಕ್ರೋಗ್ರಾಂ, ವಾರ್ಷಿಕ ಸರಾಸರಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ವಾರ್ಷಿಕ ಮಿತಿ ಕೇವಲ 5.

ಇದನ್ನು ನೇರವಾಗಿ ಅಳೆಯುವ ಕೇಂದ್ರಗಳು ದೀಪಾಂಜಲಿ ನಗರದ ಸುತ್ತಮುತ್ತ ಇವೆ. ಪಕ್ಕದ ಬಾಪೂಜಿನಗರ, ಬಸವೇಶ್ವರನಗರದ ಬಳಿಯ ಸಾಣೆಗುರುವನಹಳ್ಳಿ, ಕೆಂಗೇರಿ ಕಡೆಯ ಮೈಲಸಂದ್ರದ ಇಂಜಿನಿಯರಿಂಗ್ ಕಾಲೇಜು ಆವರಣಗಳಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರಗಳಿವೆ. ಆದರೆ ಇಂತಹ ಕೇಂದ್ರಗಳು ಬಹುತೇಕ ನಗರ ಪಟ್ಟಣಗಳಿಗೇ ಸೀಮಿತ. ಮಳೆ ಅಳೆಯಲು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳಿವೆ. ಗಾಳಿಗೆ ಆ ಭಾಗ್ಯವಿಲ್ಲ. ಈ ಕೊರತೆಯನ್ನು ತುಂಬಲು ಉಪಗ್ರಹದ ನೆರವು ಪಡೆಯಲಾಗುತ್ತದೆ.

ಉಪಗ್ರಹವು ಪಿಎಂ 2.5 ಅನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1999ರಲ್ಲಿ ಹಾರಿಸಿದ ಟೆರ್ರಾ ಮತ್ತು 2002ರಲ್ಲಿ ಹಾರಿಸಿದ ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣವು ಭೂಮಿಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ನೋಡುತ್ತದೆ. ಅದರಿಂದ, ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬದಲ್ಲಿರುವ ಕಣಗಳು ಸೂರ್ಯನ ಬೆಳಕನ್ನು ಎಷ್ಟು ಮಂಕಾಗಿಸುತ್ತವೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಈ ಅಂಕಿಯನ್ನು ಏರೋಸಾಲ್ ಆಪ್ಟಿಕಲ್ ಡೆಪ್ತ್, ಸಂಕ್ಷಿಪ್ತವಾಗಿ ಎಒಡಿ ಎನ್ನುತ್ತಾರೆ. ನಾವು ಉಸಿರಾಡುವುದಾದರೋ ಆ ಕಂಬದ ಬುಡದಲ್ಲಿ.

ಒಂದು ಸರಳ ಲೆಕ್ಕ ನೋಡಿ. ಜನವರಿಯ ಒಂದು ಬೆಳಿಗ್ಗೆ ಹೊಗೆ ಮತ್ತು ಧೂಳು ನೆಲದಿಂದ 500 ಮೀಟರ್ ಎತ್ತರದೊಳಗೇ ಬೆರೆತು ನಿಂತಿದೆ, ಏಪ್ರಿಲ್‌ನ ಒಂದು ಮಧ್ಯಾಹ್ನ 2000 ಮೀಟರ್‌ವರೆಗೆ ಹರಡಿದೆ ಎಂದುಕೊಳ್ಳಿ. ಎರಡೂ ದಿನ ಕಂಬದಲ್ಲಿರುವ ಒಟ್ಟು ಕಣಗಳು ಒಂದೇ ಆಗಿದ್ದರೆ ಎಒಡಿಯೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದರೆ ಜನವರಿಯಲ್ಲಿ ನಮ್ಮ ಮೂಗಿನ ಮಟ್ಟದ ಸಾಂದ್ರತೆ ನಾಲ್ಕು ಪಟ್ಟು! ತೇವಾಂಶದ ತೊಡಕು ಬೇರೆ ಇದೆ. ಮಂಜಿನ ದಿನ ಕಣಗಳು ನೀರು ಹೀರಿ ಉಬ್ಬುತ್ತವೆ. ಆಗ ಅದೇ ತೂಕದ ಕಣಗಳು ಹೆಚ್ಚು ಬೆಳಕನ್ನು ಚದುರಿಸುವುದರಿಂದ ಎಒಡಿ ಏರುತ್ತದೆ.

ಈ ತೊಡಕುಗಳನ್ನು ಬಿಡಿಸುವುದೇ ಸಂಖ್ಯಾಶಾಸ್ತ್ರೀಯ ಮಾದರಿಯ ಕೆಲಸ. ಬಾಪೂಜಿನಗರದಂತಹ ಕೇಂದ್ರಗಳ ಪ್ರತಿದಿನದ ಅಳತೆಯನ್ನು ಅದೇ ಸ್ಥಳದ ಎಒಡಿ, ತೇವಾಂಶ, ಗಾಳಿಯ ವೇಗ, ಗಾಳಿ ಬೆರೆಯುವ ಪದರದ ಎತ್ತರ, ರಸ್ತೆಗಳ ಸಾಂದ್ರತೆ, ಹಸಿರು ಹೊದಿಕೆಗಳ ಜೊತೆ ಹೋಲಿಸಿ ಸಂಬಂಧವೊಂದನ್ನು ಕಂಡುಕೊಳ್ಳಲಾಗುತ್ತದೆ. ಆ ಸಂಬಂಧವನ್ನು ಯಂತ್ರವಿಲ್ಲದ ಊರುಗಳಿಗೂ ಅನ್ವಯಿಸಿದಾಗ ನಕ್ಷೆ ಸಿದ್ಧವಾಗುತ್ತದೆ. ದೆಹಲಿಯ ಐಐಟಿ ಸಂಶೋಧಕರು ಮುಂದಾಳತ್ವ ವಹಿಸಿ 2020ರಲ್ಲಿ ಪ್ರಕಟಿಸಿದ ಮಾಹಿತಿಕೋಶವು 2000ರಿಂದ 2019ರವರೆಗೆ ಇಡೀ ದೇಶಕ್ಕೆ ಒಂದು ಕಿಲೋಮೀಟರ್ ಚೌಕದ ಮಟ್ಟದಲ್ಲಿ ಇಂತಹ ಅಂದಾಜುಗಳನ್ನು ನೀಡುತ್ತದೆ.

ಬೆಳೆ ವಿಮೆಯ ಬೆಳೆ ಕಟಾವು ಪ್ರಯೋಗ ನಿಮಗೆ ಗೊತ್ತಿರುವ ವಿಷಯ. ಕೆಲವೇ ತಾಕುಗಳಲ್ಲಿ ಕೊಯ್ದು ತೂಗಿ ಇಡೀ ಪಂಚಾಯಿತಿಯ ಇಳುವರಿಯನ್ನು ಅಂದಾಜಿಸುತ್ತಾರೆ. ಆ ತಾಕುಗಳೆಲ್ಲ ನೀರಾವರಿ ಜಮೀನಿನಲ್ಲೇ ಬಿದ್ದರೆ ಖುಷ್ಕಿ ರೈತನಿಗೆ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಗಾಳಿಯ ನಕ್ಷೆಯಲ್ಲೂ ತೊಂದರೆ ಅದೇ. ಮಾದರಿಯನ್ನು ಪರೀಕ್ಷಿಸುವಾಗ ಒಂದು ಕೇಂದ್ರದ ಅಳತೆಯನ್ನು ಮುಚ್ಚಿಟ್ಟು, ಉಳಿದವುಗಳಿಂದ ಅದನ್ನು ಊಹಿಸಿ, ಅನಂತರ ತಾಳೆ ನೋಡುತ್ತಾರೆ. ಇದು ಒಳ್ಳೆಯ ಕ್ರಮವೇ. ಆದರೆ ಮುಚ್ಚಿಟ್ಟ ಕೇಂದ್ರವೂ ನಗರದ್ದೇ ಆಗಿದ್ದರೆ, ಬಿಡದಿಯಾಚೆಯ ರಾಗಿ ಹೊಲದ ಅಂಕಿ ಎಷ್ಟು ನಂಬಲರ್ಹ ಎಂಬುದು ಆ ಪರೀಕ್ಷೆಯಿಂದ ತಿಳಿಯುವುದಿಲ್ಲ. ನಗರದೊಳಗೂ ಒಂದು ಕಿಲೋಮೀಟರ್ ಚೌಕ ದೊಡ್ಡದೇ: ದೀಪಾಂಜಲಿ ನಗರದ ಒಂದೇ ಚೌಕದಲ್ಲಿ ಬಸ್ಸುಗಳು ಸಾಲುಗಟ್ಟುವ ಮೈಸೂರು ರಸ್ತೆಯೂ ಒಳಗಿನ ಶಾಂತ ಅಡ್ಡರಸ್ತೆಯೂ ಸೇರಿಹೋಗುತ್ತವೆ.

ಸಮಯದ ವಿಷಯ ಇದಕ್ಕಿಂತ ಮುಖ್ಯ. ಟೆರ್ರಾ ತನ್ನ ಕಾರ್ಯಾವಧಿಯ ಬಹುಪಾಲು ಬೆಳಿಗ್ಗೆ ಸುಮಾರು 10.30ಕ್ಕೂ, ಆಕ್ವಾ ಮಧ್ಯಾಹ್ನ ಸುಮಾರು 1.30ಕ್ಕೂ ನಮ್ಮ ಮೇಲೆ ಹಾದುಹೋಗಿವೆ. ಚಳಿಗಾಲದ ರಾತ್ರಿ ಮತ್ತು ನಸುಕಿನಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತು ಹೊಗೆ ಮೇಲೇರದಿರುವ ಹೊತ್ತನ್ನು, ಅಂದರೆ ನಿಮ್ಮ ವಾಹನ ನಾಯಂಡಹಳ್ಳಿ ದಾಟುವ ಹೊತ್ತನ್ನು, ಅವು ಕಂಡೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವುದರಿಂದ ಅನೇಕ ದಿನ ಎಒಡಿಯೇ ದೊರೆಯುವುದಿಲ್ಲ. ಆ ದಿನಗಳ ಬಣ್ಣ ಪೂರ್ಣವಾಗಿ ಮಾದರಿಯ ಊಹೆ.

ವಿಸ್ತರಣಾ ಕಾರ್ಯಕರ್ತರಿಗೆ ಇಲ್ಲೊಂದು ಮಾತು. ಬೆಂಕಿಯನ್ನು ತೋರಿಸುವ ಉಪಗ್ರಹ ನಕ್ಷೆಗಳ ಚುಕ್ಕೆಯೊಂದು ಉಪಕರಣಕ್ಕೆ ತಕ್ಕಂತೆ 375 ಮೀಟರ್ ಅಥವಾ ಒಂದು ಕಿಲೋಮೀಟರ್ ಅಗಲದ ಜಾಗವನ್ನು ಸೂಚಿಸುತ್ತದೆ, ಸರ್ವೆ ನಂಬರನ್ನಲ್ಲ. ಮಂಡ್ಯ ಭಾಗದಲ್ಲಿ ಕಬ್ಬಿನ ತರಗು ಸುಡುವುದುಂಟು, ಅದನ್ನು ನಿಲ್ಲಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಗಿ ಹುಲ್ಲನ್ನು ಬಣವೆ ಒಟ್ಟಿ ದನಗಳಿಗೆ ಉಳಿಸಿಕೊಳ್ಳುವ ಊರಿನ ರೈತರ ಮೇಲೆ, ನಕ್ಷೆ ಕೆಂಪಾಗಿದೆ ಎಂಬ ಒಂದೇ ಕಾರಣಕ್ಕೆ ದೂರು ಹೊರಿಸಬೇಡಿ. ಸ್ಥಳಕ್ಕೆ ಹೋಗಿ ನೋಡಿ. ಅಲ್ಲಿ ಸುಟ್ಟಿರುವುದು ಕಸದ ರಾಶಿಯಾಗಿರಬಹುದು.

ಹಾಗಾದರೆ ಯಾವುದಕ್ಕೆ ಯಾವುದನ್ನು ನೋಡಬೇಕು? ಒಂದು ತಾಲ್ಲೂಕಿನ ಗಾಳಿ ಹತ್ತು ವರ್ಷಗಳಲ್ಲಿ ಕೆಟ್ಟಿದೆಯೇ ಎಂಬುದಕ್ಕೆ ಉಪಗ್ರಹ ನಕ್ಷೆಯ ವಾರ್ಷಿಕ ಸರಾಸರಿ ಉಪಯುಕ್ತ. ನಾಳೆ ನಸುಕಿನಲ್ಲಿ ಹೊರಡುವವರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸಿಗುವ ಬಾಪೂಜಿನಗರ ಕೇಂದ್ರದ ಗಂಟೆವಾರು ಅಳತೆ ಮೇಲು. ಕೆಲವು ದಿನ ಸತತವಾಗಿ ನೋಡಿದರೆ ಯಾವ ಹೊತ್ತು ಹೆಚ್ಚು, ಯಾವ ಹೊತ್ತು ಕಡಿಮೆ ಎಂಬುದು ತಿಳಿಯುತ್ತದೆ. ಉಬ್ಬಸ ಇರುವವರು ತೆರೆದ ವಾಹನದ ಹಿಂಬದಿಯಲ್ಲಿ ಕುಳಿತು ಬರುವುದನ್ನು ತಪ್ಪಿಸಬೇಕು. ಮುಖಕ್ಕೆ ಸುತ್ತಿದ ಟವೆಲ್ ಈ ಕಣಗಳನ್ನು ತಡೆಯದು, ಸರಿಯಾಗಿ ಕೂರುವ ಎನ್-95 ಮುಖಗವಸು ಬೇಕು. ಮಂಡಳಿಯ ಸಮೀರ್ ಆ್ಯಪ್ ತೋರಿಸುವುದು ಸೂಚ್ಯಂಕವನ್ನು, ಮೈಕ್ರೋಗ್ರಾಂ ಅಲ್ಲ. ಪಿಎಂ 2.5ಕ್ಕೆ ಸೂಚ್ಯಂಕ 100 ಎಂದರೆ 60 ಮೈಕ್ರೋಗ್ರಾಂ, ಅದೂ ಹಿಂದಿನ 24 ಗಂಟೆಗಳ ಸರಾಸರಿ.