ಕೆಲಸ ಅಟ್ಟದಲ್ಲಿ, ಮಾತು ಪಡಸಾಲೆಯಲ್ಲಿ

ಗಣಕಯಂತ್ರ ಕೆಲಸದ ನಡುವೆ ಮರಗಟ್ಟಿದಂತೆ ನಿಂತುಬಿಡುವುದೇಕೆ? ನಮ್ಮ ಮಾತುಕತೆ ಕಾರ್ಯಕ್ರಮದ ವೀಕ್ಷಕರು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಒಂದು ಘಟನೆ.

ಕೊಬ್ಬರಿ ವ್ಯಾಪಾರದ ಚಿತ್ರೀಕರಣಕ್ಕೆಂದು ತಿಪಟೂರಿಗೆ ಹೋಗಿದ್ದೆವು. ಮಂಡಿಯೊಂದರಲ್ಲಿ ತುರುವೇಕೆರೆ ಕಡೆಯ ಹಿರಿಯ ರೈತರೊಬ್ಬರು ತೂಕ ಮುಗಿಸಿ ಚೀಟಿಗಾಗಿ ಕುಳಿತಿದ್ದರು. ಅಷ್ಟರಲ್ಲಿ ಗುಮಾಸ್ತ ಹುಡುಗ ಗಣಕದಲ್ಲಿ ‘ವರ್ಷದ ಲೆಕ್ಕ’ ಎಂಬ ಗುಂಡಿ ಒತ್ತಿದ. ತೆರೆ ಬಿಳಿಚಿಕೊಂಡಿತು. ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಬರಹ ಮೂಡಿತು.

“ಕೆಟ್ಟೋಯ್ತೇನಪ್ಪಾ?”

“ಒಂಚೂರು ತಡ್ಕಳಿ ಗೌಡ್ರೆ.”

ಎರಡು ನಿಮಿಷ ಕಾದ ಹುಡುಗ ಕೊನೆಗೆ ಸ್ವಿಚ್ಚನ್ನೇ ಆರಿಸಿದ. ಬೆಳಗಿನಿಂದ ಬರೆದು ಇನ್ನೂ ಉಳಿಸದಿದ್ದ ತೂಕದ ಲೆಕ್ಕವೆಲ್ಲ ಹೋಯಿತು. ಗೌಡರ ಚೀಲಗಳನ್ನು ಮತ್ತೆ ತೂಗಬೇಕಾಯಿತು. ಅವರ ಊರಿನ ಬಸ್ಸು ತಪ್ಪಿತು. ಸಂಜೆ ಅದೇ ಗುಂಡಿ ಒತ್ತಿ ಸುಮ್ಮನೆ ಕಾದೆವು. ನಾಲ್ಕು ನಿಮಿಷಕ್ಕೆ ಲೆಕ್ಕ ಬಂತು! ಯಂತ್ರ ಕೆಟ್ಟಿರಲಿಲ್ಲ, ದುಡಿಯುತ್ತಿತ್ತು. ‘ದುಡಿಯುತ್ತಿದ್ದೇನೆ’ ಎಂದು ಹೇಳಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಇದು ಹೇಗೆ? ನಾವು ಒತ್ತುವ ಪ್ರತಿ ಕೀಲಿಯೂ, ಮೌಸಿನ ಪ್ರತಿ ಚಲನೆಯೂ ಒಂದೊಂದು ಚೀಟಿಯಾಗಿ ಸಾಲಿನಲ್ಲಿ ನಿಲ್ಲುತ್ತದೆ. ಪ್ರೋಗ್ರಾಮಿನಲ್ಲಿ ಕೆಲಸ ಸಾಗುವ ದಾರಿಗೆ ಥ್ರೆಡ್, ಅಂದರೆ ಎಳೆ, ಎನ್ನುತ್ತಾರೆ. ಮುಖ್ಯ ಎಳೆಯು ಒಂದೊಂದೇ ಚೀಟಿ ತೆಗೆದು ಉತ್ತರ ಕೊಡುತ್ತದೆ. ತೆರೆಯನ್ನು ಬಿಡಿಸುವುದೂ ಅದೇ. ಅದನ್ನೇ ಸಾವಿರಾರು ಲೆಕ್ಕ ಕೂಡಿಸಲು ಕಳಿಸಿದರೆ ಚೀಟಿಗಳು ಸಾಲುಗಟ್ಟುತ್ತವೆ. ಸುಮಾರು 5 ಸೆಕೆಂಡು ಉತ್ತರ ಬಾರದಿದ್ದರೆ ವಿಂಡೋಸ್ ಆ ಬರಹವನ್ನು ತೋರಿಸುತ್ತದೆ.

ಹಿಂದಿನ ವಿಂಡೋಸ್ 3.1ರಲ್ಲಿ ಒಂದು ಪ್ರೋಗ್ರಾಂ ಸರದಿ ಬಿಟ್ಟುಕೊಡದಿದ್ದರೆ ಉಳಿದವೂ ನಿಲ್ಲುತ್ತಿದ್ದವು. 1995ರಲ್ಲಿ ವಿಂಡೋಸ್ 95 ಬಂದಮೇಲೆ ಆ ತೊಂದರೆ ಬಹುಮಟ್ಟಿಗೆ ತಗ್ಗಿತು. ಆದರೆ ಪ್ರೋಗ್ರಾಮಿನ ಒಳಗಿನ ಹಂಚಿಕೆ ಇಂದಿಗೂ ಅದನ್ನು ಬರೆದವರ ಹೊಣೆಯೇ.

ಆ ಹಂಚಿಕೆಯ ಪಾಠ ಈ ತೆಂಗಿನ ಸೀಮೆಯಲ್ಲೇ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಸುಲಿಯದೆ ಸುಮಾರು 10–12 ತಿಂಗಳು ಅಟ್ಟದಲ್ಲಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಅಷ್ಟು ಕಾಲ ಯಾರೂ ಮನೆಯ ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಅಟ್ಟದ ಕೆಲಸ ಅಟ್ಟದಲ್ಲಿ. ಪಡಸಾಲೆಯಲ್ಲಿ ಬಂದವರನ್ನು ಮಾತಾಡಿಸುವುದು ನಡೆದೇ ಇರುತ್ತದೆ.

ಪ್ರೋಗ್ರಾಮಿನಲ್ಲೂ ಹಾಗೆಯೇ ಮಾಡಬೇಕು. ದೀರ್ಘ ಕೆಲಸವನ್ನು ಬೇರೊಂದು ಎಳೆಗೆ ವಹಿಸಬೇಕು. ಆ ಎಳೆ ತಾನೇ ತೆರೆಯನ್ನು ಮುಟ್ಟಬಾರದು; ಒಂದೇ ಖಾತೆ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆದರೆ ಬರಹ ಕಲಸಿಹೋಗುವುದಷ್ಟೆ? ‘ಇಷ್ಟಾಯಿತು’ ಎಂದು ಅದು ಮುಖ್ಯ ಎಳೆಗೆ ಸಂದೇಶ ಕಳಿಸಲಿ, ತೆರೆಯ ಮೇಲೆ ತೋರಿಸುವುದು ಮುಖ್ಯ ಎಳೆಗೇ ಇರಲಿ. ಲೆಕ್ಕದ ಪ್ರತಿ ಸಾಲಿಗೂ ಸಂದೇಶ ಬೇಡ, ನೂರಕ್ಕೊಂದು ಸಾಕು. ಇಲ್ಲವಾದರೆ ಸಂದೇಶಗಳೇ ಸಾಲುಗಟ್ಟುತ್ತವೆ. ಕೆಲಸ ಮುಗಿಯುವವರೆಗೆ ಆ ಗುಂಡಿಯನ್ನು ಮಂಕಾಗಿಸಬೇಕು. ಆಗ ಆತುರದವರು ನಾಲ್ಕು ಸಲ ಒತ್ತಿ ನಾಲ್ಕು ಲೆಕ್ಕ ಹೊರಡಿಸುವುದು ತಪ್ಪುತ್ತದೆ.

ಮುಖ್ಯವಾಗಿ ‘ಸಾಕು, ನಿಲ್ಲಿಸು’ ಎನ್ನಲು ಒಂದು ಗುಂಡಿ ಬೇಕು. ಅದನ್ನು ಒತ್ತಿದೊಡನೆ ಎಳೆಯನ್ನು ತುಂಡರಿಸಿದರೆ ದಾಖಲೆ ಅರ್ಧಕ್ಕೆ ನಿಂತೀತು. ದುಡಿಯುವ ಎಳೆಯೇ ನಡುನಡುವೆ ‘ನಿಲ್ಲಿಸಬೇಕೆ?’ ಎಂದು ನೋಡಿಕೊಂಡು, ಕೈಲಿರುವ ದಾಖಲೆ ಪೂರೈಸಿ ನಿಲ್ಲುವುದು ಕ್ಷೇಮ.

ಎಷ್ಟು ತಡ ಸಹ್ಯ? 1968ರಲ್ಲಿ ರಾಬರ್ಟ್ ಮಿಲ್ಲರ್, 1993ರಲ್ಲಿ ಜೇಕಬ್ ನೀಲ್ಸನ್ ಈ ಬಗ್ಗೆ ಬರೆದಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಡವೇ ತಿಳಿಯದು. 1 ಸೆಕೆಂಡಿನವರೆಗೆ ಯೋಚನೆಯ ಓಟ ತಪ್ಪದು. 10 ಸೆಕೆಂಡು ಮೀರಿದರೆ ಗಮನ ಬೇರೆಡೆ ಹರಿಯುತ್ತದೆ. ಅಷ್ಟು ಹೊತ್ತಿನ ಕೆಲಸಕ್ಕೆ ಎಷ್ಟಾಯಿತು ಎಂಬ ಸೂಚನೆ ಇರಲೇಬೇಕು.

ನಿಮ್ಮ ಅಂಗಡಿಗೋ ಸಹಕಾರ ಸಂಘಕ್ಕೋ ಪ್ರೋಗ್ರಾಂ ಬರೆಸುವುದಾದರೆ, ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಅತಿ ದೊಡ್ಡ ಲೆಕ್ಕಕ್ಕೆ ಗುಂಡಿ ಒತ್ತಿ, ಅದು ನಡೆಯುತ್ತಿರುವಾಗಲೇ ಪ್ರೋಗ್ರಾಮಿನ ಕಿಟಕಿಯನ್ನು ಅತ್ತಿತ್ತ ಎಳೆದು ನೋಡಿ, ನಿಲ್ಲಿಸುವ ಗುಂಡಿ ಒತ್ತಿ ನೋಡಿ. ಎರಡಕ್ಕೂ ಒಡನೆ ಓಗೊಟ್ಟರೆ ಒಪ್ಪಿಕೊಳ್ಳಿ. ತಕ್ಕಡಿಯ ಬಳಿ ಕಾದು ಕುಳಿತವರ ಹೊತ್ತಿಗೂ ಬೆಲೆಯಿದೆಯಲ್ಲವೆ?