ಊರಿನ ನಕ್ಷೆಗೆ ಬಣ್ಣ ಹಚ್ಚುವವರಾರು?

ಭೂಗೋಳದ ಪಾಠದಲ್ಲಿ ನಕ್ಷೆಗೆ ಬಣ್ಣ ತುಂಬದ ವಿದ್ಯಾರ್ಥಿಯಿಲ್ಲ. ನದಿಗೆ ನೀಲಿ, ಕಾಡಿಗೆ ಹಸುರು, ಬೆಟ್ಟಕ್ಕೆ ಕಂದು. ಬಣ್ಣ ತಪ್ಪಿದರೆ ಒಂದೆರಡು ಅಂಕಗಳು ಹೋಗುತ್ತವೆ, ಅಷ್ಟೆ. ನದಿಯೇನೂ ತನ್ನ ಪಾತ್ರವನ್ನು ಬದಲಿಸುವುದಿಲ್ಲ. ಆದರೆ ಬಣ್ಣ ತಪ್ಪಿದರೆ ಒಂದು ಮನೆಯ ಮಗ್ಗವೇ ನಿಂತುಹೋಗಬಹುದಾದ ಇನ್ನೊಂದು ಬಗೆಯ ನಕ್ಷೆಯುಂಟು. ನಗರ ಯೋಜನೆಯವರು ಸಿದ್ಧಪಡಿಸುವ ಭೂ ಉಪಯೋಗದ ನಕ್ಷೆಯೇ ಅದು. ಅದರಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಸಂಸ್ಥೆಗಳಿಗೆ ಕೆಂಪು, ಉದ್ಯಾನಗಳಿಗೆ ಹಸುರು ಹಚ್ಚುವುದು ವಾಡಿಕೆ. ಇಲ್ಲಿಯ ಬಣ್ಣವು ಈಗ ಏನಿದೆಯೆಂಬುದನ್ನು ಮಾತ್ರ ಹೇಳುವುದಿಲ್ಲ. ಮುಂದೆ ಏನಿರತಕ್ಕದ್ದು ಎಂಬುದನ್ನು ವಿಧಿಸುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂತಹ ಊರುಗಳು ಯಾರೂ ಬಣ್ಣ ಹಚ್ಚದೆಯೇ ಬೆಳೆದುಬಂದವು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಇಂದು ಒಂದೇ ನಗರಸಭೆಯಾಗಿರುವ ಅವಳಿ ಊರುಗಳಲ್ಲಿ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದುವು. ಅರಮನೆ, ಪೇಟೆ, ನೇಕಾರರ ಓಣಿ, ಹೊಲದ ದಾರಿ ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಂಡೇ ಇದ್ದುವು. ಮಗ್ಗದ ಮೇಲೆಯೇ ಮನೆ, ಮನೆಯೊಳಗೇ ಮಗ್ಗ. ಇಂತಹ ಊರಿನ ಮೇಲೆ ಹಳದಿಯನ್ನೂ ನೇರಳೆಯನ್ನೂ ಬೇರೆಬೇರೆಯಾಗಿ ಹಚ್ಚಹೊರಟವರ ಕುಂಚವು ಒಂದೆಡೆ ತಡವರಿಸಲೇಬೇಕು.

ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ ನಾವು ಒಂದು ಅಭ್ಯಾಸವನ್ನು ಕೊಟ್ಟಿದ್ದೆವು. ತಮ್ಮ ಓಣಿಯ ಭೂ ಉಪಯೋಗವನ್ನು ಬದಲಿಸುವ ಪ್ರಕಟಣೆಯೊಂದು ಹೊರಬಿದ್ದಿದೆಯೆಂದು ಭಾವಿಸಿಕೊಂಡು, ಪ್ರಾಧಿಕಾರಕ್ಕೆ ಒಂದು ಪುಟದ ಪತ್ರವನ್ನು ಬರೆಯಬೇಕು. ಅದರಲ್ಲಿ ಕನಿಷ್ಠ ಒಂದು ಅಳತೆಯಾದರೂ ಇರಬೇಕು. ಭೌತಶಾಸ್ತ್ರದ ತರಗತಿಯಲ್ಲಿ ಇದೆಂತಹ ಅಭ್ಯಾಸವೆಂದು ಕೆಲವರು ನಕ್ಕರು. ಆ ನೆಪದಲ್ಲಿಯೇ ನಾವು ಬನಹಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋದೆವು. ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ನಡೆಯುತ್ತಿದ್ದುವು. ಆಕೆಯ ತಂದೆ ಒಂದು ಮಗ್ಗವನ್ನು ನಿಲ್ಲಿಸಿ, ನಮ್ಮ ಕಿವಿಯ ಬಳಿಗೆ ಬಂದು ಕೇಳಿದರು:

“ಸರ, ಆ ನಕಾಶೆದಾಗ ನಮ್ಮ ಮನೀಗಿ ಯಾವ ಬಣ್ಣ ಹಚ್ಚತಾರ್ರಿ?”

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಕಾನೂನಿನ ಕಡೆಗೆ ಸ್ವಲ್ಪ ನೋಡಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಪ್ರಕಾರ, ಯೋಜನಾ ಪ್ರಾಧಿಕಾರವು ತನ್ನ ಕ್ಷೇತ್ರದ ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಸರಕಾರವು ಅದಕ್ಕೆ ತಾತ್ಕಾಲಿಕ ಒಪ್ಪಿಗೆಯನ್ನು ಕೊಟ್ಟ ಬಳಿಕ ಅದನ್ನು ಪ್ರಕಟಿಸಿ, ನಿಗದಿಯಾದ ಅವಧಿಯೊಳಗೆ ಸಾರ್ವಜನಿಕರ ಲಿಖಿತ ಅಭಿಪ್ರಾಯವನ್ನು ಕೇಳಬೇಕು, ಬಂದುದನ್ನು ಪರಿಶೀಲಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. ನಡುವೆ ಒಂದು ಜಾಗದ ಉಪಯೋಗವನ್ನು ಬದಲಿಸಬೇಕಾದರೆ 14-ಎ ಎಂಬ ಕಲಮು ಇದೆ. ಬದಲಾವಣೆಯು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಸರಕಾರದ ಪೂರ್ವಾನುಮತಿ ಬೇಕು, ಆ ಊರಿನಲ್ಲಿ ಓದಲ್ಪಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕು. ಹೊಲವನ್ನು ‘ಎನ್‌. ಎ.’ ಮಾಡಿಸುವುದೆಂದು ನಮ್ಮಲ್ಲಿ ಹೇಳುವುದು ಇದಲ್ಲ. ಅದು 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿಗೆ ಸೇರಿದ ಬೇರೆಯ ಬಾಗಿಲು. ಈ ಎರಡನ್ನೂ ಒಂದೇ ಎಂದು ತಿಳಿದು ಮೋಸಹೋದವರು ಕಡಮೆಯಲ್ಲ.

‘ಲಿಖಿತ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಚಹದಂಗಡಿಯಲ್ಲಿ ಆಡಿದ ಆಕ್ಷೇಪಣೆಯು ಎಷ್ಟೇ ನ್ಯಾಯವಾದುದಾಗಿರಲಿ, ಕಡತವನ್ನು ಸೇರುವುದಿಲ್ಲ.

ಈಗ ಮಗ್ಗದ ಸಪ್ಪಳಕ್ಕೆ ಬರೋಣ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಒಂದೊಂದು ವಲಯಕ್ಕೆ ಒಂದೊಂದು ಮಿತಿಯನ್ನು ಹಾಕಿದ್ದಾರೆ. ಕೈಗಾರಿಕಾ ವಲಯದಲ್ಲಿ ಹಗಲು 75, ರಾತ್ರಿ 70 ಡೆಸಿಬೆಲ್. ವಸತಿ ವಲಯದಲ್ಲಿ ಹಗಲು 55, ರಾತ್ರಿ 45. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. 75ಕ್ಕೂ 55ಕ್ಕೂ ಇರುವ ಅಂತರ ಬರಿಯ ಇಪ್ಪತ್ತೆಂದು ತೋರಬಹುದು. ಆದರೆ ಡೆಸಿಬೆಲ್ ಎಂಬುದು ಘಾತಾಂಕದ ಮಾನ. ಪ್ರತಿ ಹತ್ತು ಡೆಸಿಬೆಲ್ಲಿಗೆ ಧ್ವನಿಯ ತೀವ್ರತೆ ಹತ್ತುಮಡಿಯಾಗುತ್ತದೆ. ಆದುದರಿಂದ ನೇರಳೆಯ ವಲಯದಲ್ಲಿ ಸಲ್ಲುವ ಶಬ್ದಶಕ್ತಿಯು ಹಳದಿಯ ವಲಯದಲ್ಲಿ ಸಲ್ಲುವುದರ ನೂರರಷ್ಟು! ರಾತ್ರಿಯಲ್ಲಾದರೆ ಮುನ್ನೂರಕ್ಕೂ ಮಿಕ್ಕು. ನಕ್ಷೆಯಲ್ಲಿ ಬಣ್ಣ ಬದಲಾಯಿತೆಂದರೆ ನೆರೆಯವರ ಕಿವಿಗೆ ಬೀಳಬಹುದಾದ ಶಕ್ತಿಯ ಪ್ರಮಾಣವೇ ಇಷ್ಟರಮಟ್ಟಿಗೆ ಬದಲಾಯಿತೆಂದು ಅರ್ಥ.

ಮಗ್ಗದಿಂದ ಒಂದು ಮೀಟರು ದೂರದಲ್ಲಿ 95 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳೋಣ. ಲಾಳಿಯ ಮಗ್ಗಕ್ಕೆ ಇದು ಹೆಚ್ಚಿನ ಅಂದಾಜೇನಲ್ಲ. ಬಯಲಿನಲ್ಲಿ ಧ್ವನಿಯು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುವುದರಿಂದ, ದೂರವು ಹತ್ತರಷ್ಟಾದಾಗ 20 ಡೆಸಿಬೆಲ್ ಇಳಿಯುತ್ತದೆ. ಹಾಗಾದರೆ 55ಕ್ಕೆ ಇಳಿಯಲು 100 ಮೀಟರು ಬೇಕು. ರಾತ್ರಿಯ 45ಕ್ಕೆ ಇಳಿಯಲು 300 ಮೀಟರಿಗೂ ಹೆಚ್ಚು. ಬನಹಟ್ಟಿಯ ಯಾವ ಓಣಿ ಅಷ್ಟು ಅಗಲವಾಗಿದೆ?

ನಡುವೆ ಗೋಡೆಯಿದೆಯಲ್ಲ ಎನ್ನಬಹುದು. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಯು 45 ಡೆಸಿಬೆಲ್ಲಿನಷ್ಟನ್ನು ತಡೆಯಬಲ್ಲುದು ನಿಜ. ಆದರೆ ಗೋಡೆಯ ನೂರನೆಯ ಒಂದು ಭಾಗ ಕಿಂಡಿಯಾಗಿ ತೆರೆದಿದ್ದರೆ, ಉಳಿದ ಗೋಡೆ ಕಲ್ಲಿನದೇ ಆಗಲಿ ಉಕ್ಕಿನದೇ ಆಗಲಿ, ನೂರನೆಯ ಒಂದು ಭಾಗ ಶಕ್ತಿಯು ಆ ಕಿಂಡಿಯಿಂದಲೇ ಹೊರಬರುತ್ತದೆ. ಅಂದರೆ ತಡೆಯು 20 ಡೆಸಿಬೆಲ್ಲನ್ನು ಮೀರಲಾರದು. ತಗಡಿನ ಮಾಡಾದರೆ ಇನ್ನೂ ಕಡಮೆ. ಇದನ್ನು ಆ ನೇಕಾರರಿಗೆ ವಿವರಿಸಿದಾಗ ಅವರು ಓಣಿಯ ಕಡೆಯ ಕಿಟಕಿಯನ್ನೂ ಹಿತ್ತಿಲ ಕಡೆಯ ಕಿಟಕಿಯನ್ನೂ ಒಮ್ಮೆ ನೋಡಿದರು. ಬಳಿಕ, “ಮಗ್ಗದ ಸಪ್ಪಳ ನಿಂತ್ರನ ನನಗ ಎಚ್ಚರ ಆಕ್ಕೈತ್ರಿ ಸರ” ಎಂದು ನಕ್ಕರು.

ವಸತಿ ವಲಯದಲ್ಲಿ ಸಣ್ಣ ಉದ್ಯೋಗಗಳಿಗೆ ಎಡೆಗೊಡುವ ನಿಯಮಾವಳಿಗಳು ಸಾಮಾನ್ಯವಾಗಿ ಮೋಟಾರಿನ ಅಶ್ವಶಕ್ತಿಯನ್ನು ಲೆಕ್ಕ ಹಿಡಿಯುತ್ತವೆ. ಒಂದು ಅಶ್ವಶಕ್ತಿಯೆಂದರೆ 746 ವಾಟು. ಅಳೆಯಲು ಸುಲಭ, ಮೋಟಾರಿನ ಮೇಲೆಯೇ ಬರೆದಿರುತ್ತದೆ. ಆದರೆ ನೆರೆಯವರ ನಿದ್ರೆಯನ್ನು ಕೆಡಿಸುವುದು ಮೋಟಾರಲ್ಲ. ಲಾಳಿಯನ್ನು ಹೊಡೆದಟ್ಟುವ ಮತ್ತು ಅದು ಪೆಟ್ಟಿಗೆಗೆ ಬಂದು ಬಡಿಯುವ ಆಘಾತ. ಹಿಟ್ಟಿನ ಗಿರಣಿಯೂ ಮಗ್ಗವೂ ಸಮಾನ ಅಶ್ವಶಕ್ತಿಯವಾಗಿದ್ದರೂ ಸಮಾನ ಸಪ್ಪಳದವಲ್ಲ. ಸುಲಭವಾಗಿ ಅಳೆಯಬಹುದಾದುದನ್ನೇ ಅಳೆದು, ಅಳೆಯಬೇಕಾದುದನ್ನು ಬಿಟ್ಟುಬಿಡುವುದು ವಿಜ್ಞಾನಿಗಳೂ ಮಾಡುವ ತಪ್ಪೇ. ಇದನ್ನು ಎತ್ತಿ ತೋರಿಸಬಲ್ಲವರು ಮಗ್ಗದ ಮುಂದೆ ಕುಳಿತವರು; ಆದುದರಿಂದಲೇ ಅವರನ್ನು ಕೇಳಬೇಕು.

ಊರ ಹೊರವಲಯದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಜಮಖಂಡಿ, ಮುಧೋಳಗಳ ಸುತ್ತ ಕಬ್ಬಿನ ಹೊಲಗಳು ನಿವೇಶನಗಳಾಗುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಅದರ ಮೇಲೆ ಒಂದು ತಾಸಿನಲ್ಲಿ 25 ಮಿಲಿಮೀಟರು ಮಳೆ ಸುರಿದರೆ ಬಿದ್ದ ನೀರು ಒಂದು ಲಕ್ಷ ಲೀಟರು. ಉತ್ತ ಹೊಲದಿಂದ ಅದರ ಮೂರನೆಯ ಒಂದು ಭಾಗದಷ್ಟು ಹರಿದುಹೋಗಬಹುದು. ಮಾಳಿಗೆ, ಡಾಂಬರು, ಕಾಂಕ್ರೀಟುಗಳಿಂದ ಮುಚ್ಚಿದ ನೆಲದಿಂದ ನೂರಕ್ಕೆ ತೊಂಬತ್ತು ಭಾಗ ಹರಿಯುತ್ತದೆ. ಹಳದಿ ಬಣ್ಣವನ್ನು ಹಚ್ಚಿಸಿಕೊಂಡ ಹೊಲದ ಒಡೆಯನಿಗೆ ಬೆಲೆ ಬಂದಿತು; ಹೆಚ್ಚಿದ ಸುಮಾರು ಐವತ್ತೇಳು ಸಾವಿರ ಲೀಟರು ಮಾತ್ರ ತಗ್ಗಿನ ಓಣಿಯವರ ಪಾಲಿಗೆ ಬಂದಿತು. ಆಕ್ಷೇಪಣೆಯನ್ನು ಬರೆಯಬೇಕಾದವರು ಆ ಹೊಲದ ನೆರೆಯವರಷ್ಟೇ ಅಲ್ಲ, ಅರ್ಧ ಮೈಲು ಕೆಳಗಿರುವವರು ಕೂಡ. ಪ್ರಕಟಣೆಯಲ್ಲಿ ಬರಿಯ ಸರ್ವೆ ನಂಬರನ್ನು ಓದಿದರೆ ಅವರಿಗೆ ಇದು ತಿಳಿಯುವುದಾದರೂ ಹೇಗೆ? ನಕ್ಷೆಯೊಡನೆ ಇಳಿಜಾರಿನ ರೇಖೆಗಳನ್ನೂ ಕೊಡಬೇಕೆಂದು ನಮ್ಮ ಅಭಿಪ್ರಾಯ.

ನದಿಯಂತೂ ಯಾರ ಬಣ್ಣವನ್ನೂ ಲೆಕ್ಕಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿದಾಗ ಮುಧೋಳ, ಜಮಖಂಡಿ ಭಾಗದ ಜನ ಇದನ್ನು ಕಣ್ಣಾರೆ ಕಂಡರು. ಬೀಳಗಿಯ ಕಡೆಗೆ ಹೋದರೆ ಇನ್ನೊಂದು ಗೆರೆ ಎದುರಾಗುತ್ತದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು ಸಮುದ್ರಮಟ್ಟದಿಂದ 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಅನುಮತಿಯಿತ್ತಿತು. ಏರಿಕೆ 4.656 ಮೀಟರು, ಒಂದು ಮಾಳಿಗೆ ಮನೆಗಿಂತ ಸ್ವಲ್ಪ ಹೆಚ್ಚು. ಆದರೆ ನೆಲವು ಐನೂರಕ್ಕೆ ಒಂದರಂತೆ ಇಳಿಜಾರಾಗಿರುವಲ್ಲಿ ನೀರಿನ ಅಂಚು ಅಷ್ಟಕ್ಕೇ ಎರಡು ಕಿಲೋಮೀಟರಿಗೂ ಹೆಚ್ಚು ಮುಂದಕ್ಕೆ ಸರಿಯುತ್ತದೆ. ಇಲ್ಲಿ ವಲಯದ ಗಡಿಯನ್ನು ಎಳೆಯುವುದು ಗುರುತ್ವಾಕರ್ಷಣೆ. ಇಂತಹ ಭೂಸ್ವಾಧೀನಕ್ಕೆ ಯೋಜನಾ ಅಧಿನಿಯಮವಲ್ಲ, 2013ರ ಕೇಂದ್ರ ಕಾನೂನು ಅನ್ವಯಿಸುತ್ತದೆ. ಅದರಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೂ ಬಹಿರಂಗ ವಿಚಾರಣೆಗೂ ಪ್ರತ್ಯೇಕ ವಿಧಿಗಳಿವೆ.

ಇಂತಹ ತಾಂತ್ರಿಕ ವಿಷಯಗಳಲ್ಲಿ ಸಾಮಾನ್ಯ ಜನರನ್ನು ಕೇಳಿ ಫಲವೇನು ಎಂದು ವಿದ್ಯಾವಂತರೇ ಹೇಳುವುದುಂಟು. ಹಾಗೆನ್ನುವವರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಒಮ್ಮೆ ಹೋಗಿಬರಬೇಕು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ, ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಕಟ್ಟಿದ ಬ್ಯಾರೇಜು ಅಲ್ಲಿದೆ. ಅದರ ಹೆಸರು ಶ್ರಮಬಿಂದು ಸಾಗರ.

ಹಲವರ ಅಂದಾಜು ಒಬ್ಬನ ಅಂದಾಜಿಗಿಂತ ಸತ್ಯಕ್ಕೆ ಹತ್ತಿರವಾಗುವುದನ್ನು ತೋರಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಪ್ಲಿಮತ್ತಿನ ದನದ ಪ್ರದರ್ಶನವೊಂದರಲ್ಲಿ ಒಂದು ಎತ್ತಿನ ತೂಕವನ್ನು ಊಹಿಸುವ ಪಂದ್ಯವಿತ್ತು. 787 ಚೀಟಿಗಳನ್ನು ಆತ ಏರಿಕೆಯ ಕ್ರಮದಲ್ಲಿ ಜೋಡಿಸಿ ನೋಡಿದಾಗ ನಟ್ಟನಡುವಿನ ಊಹೆ 1,207 ಪೌಂಡು. ನಿಜವಾದ ತೂಕ 1,198 ಪೌಂಡು. 1907ರಲ್ಲಿ ಇದನ್ನು ಆತ ಪ್ರಕಟಿಸಿದನು. ಒಬ್ಬೊಬ್ಬರ ತಪ್ಪು ಒಂದೊಂದು ದಿಕ್ಕಿಗೆ ಇದ್ದುದರಿಂದ ತಪ್ಪುಗಳು ಒಂದನ್ನೊಂದು ಅಳಿಸಿಹಾಕಿದುವು. ಆದರೆ ಇಲ್ಲಿ ಒಂದು ನಿಬಂಧನೆಯುಂಟು: ಒಬ್ಬನು ಇನ್ನೊಬ್ಬನ ಚೀಟಿಯನ್ನು ನೋಡಿ ಬರೆದಿರಬಾರದು. ಅಚ್ಚುಹಾಕಿಸಿದ ಒಂದೇ ಒಕ್ಕಣೆಗೆ ಸಾವಿರ ಜನ ರುಜು ಹಾಕಿದರೆ ಅದರಿಂದ ಬಲಪ್ರದರ್ಶನವಾದೀತು. ಅಳತೆಯ ದೃಷ್ಟಿಯಿಂದ ಮಾತ್ರ ಅದು ಒಂದೇ ಅಳತೆ. ತನ್ನ ಮನೆಯ ಮುಂದೆ ಎಷ್ಟು ನೀರು ನಿಲ್ಲುತ್ತದೆಂದು ಮೂವತ್ತು ಜನ ತಮ್ಮ ತಮ್ಮ ಮಾತಿನಲ್ಲಿ ಬರೆದ ಮೂವತ್ತು ಪತ್ರಗಳ ಬೆಲೆಯೇ ಬೇರೆ. ಎತ್ತಿನ ತೂಕದಲ್ಲಿ ಯಾರಿಗೂ ಸ್ವಾರ್ಥವಿರಲಿಲ್ಲ, ಭೂಮಿಯಲ್ಲಿ ಎಲ್ಲರಿಗೂ ಇದೆ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಅದಕ್ಕಾಗಿಯೇ ಕೇಳುವವನು ತಾನು ಏಕೆ ಒಪ್ಪಿದೆ, ಏಕೆ ಒಪ್ಪಲಿಲ್ಲ ಎಂಬ ಕಾರಣವನ್ನು ಬರೆದಿಡಬೇಕಾಗುತ್ತದೆ.

ಕಾರಣವನ್ನು ಕೇಳುವ ಹಕ್ಕು ಯಾರಿಗಿದೆ? ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಒಂದು ಖಾಸಗಿ ಶುಶ್ರೂಷಾಲಯಕ್ಕಾಗಿ ಕೊಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ, ನಿವಾಸಿಗಳಿಗೆ ಇದರಲ್ಲಿ ಯಾವ ನಷ್ಟ ಎಂಬುದು ಎದುರುವಾದ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಉದ್ಯಾನವು ಅವರ ಗಾಳಿ, ಬೆಳಕು, ವಿಹಾರಕ್ಕೆ ಮೀಸಲಾದ ಜಾಗ. ಅದನ್ನು ಕಳೆದುಕೊಳ್ಳುವವರಿಗೆ ಪ್ರಶ್ನಿಸುವ ಅಧಿಕಾರವಿದೆ. ಹಸುರಿನ ಜಾಗದಲ್ಲಿ ಕೆಂಪನ್ನು ಹಚ್ಚಲು ಮೇಲಿನವರ ಇಚ್ಛೆಯೊಂದೇ ಸಾಲದು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಎಂಬ ಹೆಸರಿನ ಈ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಬನಹಟ್ಟಿಯ ಮನೆಗೆ ಮತ್ತೆ ಹೋಗೋಣ. ತಂದೆ ಹೇಳುತ್ತ ಹೋದರು, ಮಗಳು ಬರೆಯುತ್ತ ಹೋದಳು: ಮಗ್ಗಗಳು ನಾಲ್ಕು, ಒಂದೊಂದಕ್ಕೆ ಒಂದು ಅಶ್ವಶಕ್ತಿಯ ಮೋಟಾರು, ಗೋಡೆ ಇಟ್ಟಿಗೆಯದು, ಓಣಿಯ ಕಡೆಗೆ ಒಂದು ಕಿಟಕಿ. ನಮ್ಮ ಓಣಿಗೆ ಹಳದಿಯೂ ಬೇಡ ನೇರಳೆಯೂ ಬೇಡ, ವಸತಿಯೂ ನೇಕಾರಿಕೆಯೂ ಕೂಡಿದ ವಲಯವೆಂದು ಬೇರೆ ಗುರುತು ಹಾಕಿರಿ ಎಂದು ಅವರ ಬೇಡಿಕೆ. ಬೆಸ ಸಂಖ್ಯೆಯ ಕಿಟಕಿಯನ್ನು ಮುಚ್ಚಿಸಲು ತಾವು ಸಿದ್ಧರೆಂದೂ ಸೇರಿಸಿಸಿದರು. ‘ಬೆಸ’ ಎಂದರೆ ಒಂದೇ ಒಂದು ಎಂದು ಅವರ ವಿನೋದ.

ಪತ್ರ ಮುಗಿದು ರುಜುವಾಯಿತು. ಹುಡುಗಿ ಇನ್ನೊಂದು ಹಾಳೆಯನ್ನು ತೆಗೆದಳು.

“ಇದು ಯಾರ್ದವ್ವಾ?” ಎಂದು ತಂದೆ ಕೇಳಿದರು.

“ನಂದು ಅಪ್ಪಾ. ಪರೀಕ್ಷಾ ಹತ್ರ ಬಂದಾವು. ರಾತ್ರಿ ಹತ್ತರ ಮ್ಯಾಲ ಓಣ್ಯಾಗ ಒಂದೂ ಮಗ್ಗ ನಡೀಬಾರ್ದು ಅಂತ ಬರಿಯಾಕತ್ತೇನಿ.”

ತಂದೆ ನಮ್ಮ ಮುಖವನ್ನು ನೋಡಿದರು. ಅಭ್ಯಾಸವನ್ನು ಕೊಟ್ಟವರು ನಾವು. ಏನು ಹೇಳಲೂ ತೋಚಲಿಲ್ಲ. ಆಕೆ ನಮ್ಮಿಂದ ಕೇಳಿ ತಿಳಿದುಕೊಂಡ 45 ಡೆಸಿಬೆಲ್ಲಿನ ಅಂಕಿಯನ್ನು ಮೊದಲನೆಯ ಸಾಲಿನಲ್ಲಿಯೇ ಬರೆದಳು.